ಬೇರ್ಪಟ್ಟ ತಾಯ್ತಂದೆಗಳ ಉಳಿದ ಕಾಯಕ

ವಿವಾಹದಿಂದ ಎರಡು ಸಂಬಂಧಗಳು ಹುಟ್ಟುತ್ತವೆ. ಒಂದು ದಾಂಪತ್ಯ, ಇನ್ನೊಂದು, ಮಕ್ಕಳಾದ ಬಳಿಕ ಬರುವ ತಾಯ್ತಂದೆತನ. ಮೊದಲನೆಯದು ಇಬ್ಬರ ನಡುವಿನದು. ಅದು ಬಾಳಲೂಬಹುದು, ಮುರಿಯಲೂಬಹುದು. ಎರಡನೆಯದು ಮೂರನೆಯದೊಂದು ಜೀವವನ್ನು ಕುರಿತದ್ದು. ಆ ಜೀವಕ್ಕೆ ಆಸರೆ ಬೇಕಾಗಿರುವ ತನಕ ಅದನ್ನು ಕೈಬಿಡುವ ಅಧಿಕಾರ ಯಾರಿಗೂ ಇಲ್ಲ. ಸತಿಪತಿಗಳು ಬೇರೆಯಾದ ಮನೆಗಳಲ್ಲಿ ಮಕ್ಕಳು ಪಡುವ ಕಷ್ಟಕ್ಕೆ ಈ ಎರಡು ಸಂಬಂಧಗಳನ್ನು ಒಂದೆಂದು ತಿಳಿಯುವುದು ದೊಡ್ಡ ಕಾರಣವಾಗಿದೆ. ಪತಿಯಾಗಿ ತಪ್ಪಿದವನು ತಂದೆಯಾಗಿಯೂ ತಪ್ಪಿದವನೆಂದು ಪತ್ನಿಯೂ, ಪತ್ನಿಯಾಗಿ ಒಗ್ಗದವಳು ತಾಯಿಯಾಗಿಯೂ ತಕ್ಕವಳಲ್ಲವೆಂದು ಪತಿಯೂ ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನದ ಭಾರವನ್ನು ಹೊರುವುದು ಮಾತ್ರ ಮಗು.

ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬ ಮಾತಿಗೆ ತುಂಬಿದ ಅರ್ಥವು ಇಲ್ಲಿ ದಾರಿ ತೋರಬಲ್ಲುದು. ಕಾಯಕವೆಂದರೆ ಬರಿಯ ಉದ್ಯೋಗವಲ್ಲ. ತನ್ನ ಪಾಲಿಗೆ ಬಂದ ಕೆಲಸವನ್ನು ಶುದ್ಧವಾದ ಮನಸ್ಸಿನಿಂದ, ನಿಯಮ ತಪ್ಪದೆ ಮಾಡುವುದು ಅದರ ತಿರುಳು. ಕಾಯಕದಲ್ಲಿ ನಿರತನಾದವನು, ನೆರೆಯವನು ತನ್ನ ಕೆಲಸ ಮಾಡಿದನೋ ಇಲ್ಲವೋ ಎಂದು ನೋಡಿಕೊಂಡು ತನ್ನದನ್ನು ನಿಲ್ಲಿಸುವುದಿಲ್ಲ. ಮಕ್ಕಳ ಪಾಲನೆಯನ್ನು ಈ ಅರ್ಥದ ಕಾಯಕವೆಂದು ಗ್ರಹಿಸಿದರೆ, ಬೇರ್ಪಟ್ಟ ಇಬ್ಬರು ಪರಸ್ಪರ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆ ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಅವರು ಮತ್ತೆ ಸ್ನೇಹಿತರಾಗಬೇಕಾಗಿಲ್ಲ. ಹಳೆಯ ನೋವನ್ನು ಮರೆತೇ ತೀರಬೇಕೆಂದೂ ಇಲ್ಲ. ಒಂದು ಕೆಲಸದಲ್ಲಿ ತಾವಿಬ್ಬರೂ ಇನ್ನೂ ಪಾಲುಗಾರರೆಂಬುದನ್ನು ಒಪ್ಪಿಕೊಂಡರೆ ಸಾಕು.

೧. ಶಾಸನದ ದೃಷ್ಟಿ

ದಂಪತಿಗಳು ಬೇರೆಯಾಗುವುದು ಈ ನಾಡಿಗೆ ಹೊಸತಲ್ಲ. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಹಿರಿಯರ ಮುಂದೆ ಸೋಡಚೀಟಿ ಬರೆದುಕೊಡುವ ರೂಢಿಯೂ, ಅನಂತರ ಹೆಣ್ಣು ಉಡಿಕೆಯಾಗುವ ರೂಢಿಯೂ ಹಿಂದಿನಿಂದ ಇದ್ದುವು. ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ೧೯೪೭ರಲ್ಲಿಯೇ ಹಿಂದೂ ವಿಚ್ಛೇದನ ಶಾಸನವಾಯಿತು. ಇಡೀ ದೇಶಕ್ಕೆ ಅನ್ವಯಿಸುವ ಹಿಂದೂ ವಿವಾಹ ಶಾಸನ ಬಂದುದು ೧೯೫೫ರಲ್ಲಿ. ಅದು ಯಾರಿಗೆ ಅನ್ವಯಿಸುತ್ತದೆಂಬುದನ್ನು ಹೇಳುವ ಎರಡನೆಯ ಪ್ರಕರಣದಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನೂ ಆ ಶಾಸನ ಉಳಿಸಿತು. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ಅವಕಾಶವನ್ನು ೧೯೭೬ರ ತಿದ್ದುಪಡಿ ಸೇರಿಸಿತು.

ಇಷ್ಟೆಲ್ಲವೂ ದಾಂಪತ್ಯವನ್ನು ಕುರಿತ ಮಾತು. ತಾಯ್ತಂದೆತನದ ಬಿಡುಗಡೆಗೆ ಈ ಶಾಸನಗಳಲ್ಲಿ ಒಂದು ಸಾಲೂ ಇಲ್ಲವೆಂಬುದು ಗಮನಿಸತಕ್ಕ ವಿಷಯ. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಶಾಸನದ ಪ್ರಕಾರ ಮಕ್ಕಳನ್ನು ಪೋಷಿಸುವ ಹೊಣೆ ತಂದೆತಾಯಿಗಳಿಬ್ಬರ ಮೇಲೂ ಇದೆ. ಅದೇ ವರ್ಷದ ಅಪ್ರಾಪ್ತವಯಸ್ಕರ ಪಾಲಕತ್ವದ ಶಾಸನವು, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು ಹೇಳಿ, ಎಲ್ಲಕ್ಕೂ ಮಿಗಿಲಾಗಿ ಮಗುವಿನ ಹಿತವೇ ಪರಮವಾದುದೆಂದು ಸಾರುತ್ತದೆ. ಮಕ್ಕಳು ತಾಯ್ತಂದೆಗಳ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲವೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯ ೧೯೭೩ರಲ್ಲಿಯೇ ತಿಳಿಸಿತು. ತಂದೆ ಬದುಕಿರುವಾಗಲೂ ತಾಯಿ ಸ್ವಾಭಾವಿಕ ಪಾಲಕಳಾಗಬಹುದೆಂದು ೧೯೯೯ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಭಾರತವು ೧೯೯೨ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಇನ್ನೊಂದು ಮುಖ್ಯವಾದ ಅಂಶವುಂಟು. ಮಗುವಿನ ಹಿತಕ್ಕೆ ವಿರುದ್ಧವಾಗದಿದ್ದರೆ, ಬೇರ್ಪಟ್ಟ ತಾಯ್ತಂದೆಗಳಿಬ್ಬರೊಡನೆಯೂ ನಿಯತವಾದ ಸಂಪರ್ಕವಿಟ್ಟುಕೊಳ್ಳುವುದು ಮಗುವಿನ ಹಕ್ಕು ಎಂದು ಅದರಲ್ಲಿ ಹೇಳಿದೆ. ತಂದೆಗೆ ಮಗುವನ್ನು 'ತೋರಿಸುವುದು' ತಾಯಿ ಮಾಡುವ ಉಪಕಾರವೂ ಅಲ್ಲ, ತಾಯಿಯ ಬಳಿಗೆ 'ಕಳಿಸುವುದು' ತಂದೆಯ ಔದಾರ್ಯವೂ ಅಲ್ಲ. ಅದು ಮಗುವಿಗೆ ಸಲ್ಲತಕ್ಕದ್ದು.

೨. ಮಗುವಿಗೆ ತಗಲುವ ಪೆಟ್ಟು

ತಾಯ್ತಂದೆಗಳು ಬೇರೆಯಾದ ಮಾತ್ರಕ್ಕೆ ಮಗುವಿನ ಬಾಳು ಕೆಟ್ಟಿತೆಂದು ಜನ ಹೇಳುವುದುಂಟು. ಅನುಭವವೂ ಅಧ್ಯಯನವೂ ಬೇರೊಂದನ್ನು ತೋರಿಸುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ಇಂಥ ಮನೆಗಳ ಐನೂರಕ್ಕೂ ಹೆಚ್ಚು ಹದಿಹರೆಯದವರನ್ನು ವಿಚಾರಿಸಿ ೧೯೯೧ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಇಬ್ಬರ ನಡುವೆ ತಾವು ಸಿಕ್ಕಿಬಿದ್ದಿದ್ದೇವೆಂಬ ಭಾವ ಯಾವ ಮಕ್ಕಳಲ್ಲಿ ಹೆಚ್ಚಾಗಿತ್ತೋ ಆ ಮಕ್ಕಳಲ್ಲಿಯೇ ಖಿನ್ನತೆ, ಕಳವಳ, ದುರ್ನಡತೆಗಳೂ ಹೆಚ್ಚಾಗಿ ಕಂಡುವು. ಎರಡೂ ಮನೆಗಳಲ್ಲಿ ಸರದಿಯಂತೆ ವಾಸಿಸುತ್ತಿದ್ದ ಮಕ್ಕಳ ವಿಷಯ ವಿಶೇಷವಾಗಿತ್ತು. ತಾಯ್ತಂದೆಗಳು ಸಹಕರಿಸುತ್ತಿದ್ದಲ್ಲಿ ಈ ಮಕ್ಕಳಿಗೆ ಸಿಕ್ಕಿಬಿದ್ದ ಭಾವ ತೀರ ಕಡಿಮೆ. ಕಾದಾಡುತ್ತಿದ್ದಲ್ಲಿ ತೀರ ಹೆಚ್ಚು. ಒಂದೇ ಏರ್ಪಾಡು ಒಂದು ಕಡೆ ಹಿತವನ್ನೂ ಇನ್ನೊಂದು ಕಡೆ ಅಹಿತವನ್ನೂ ತಂದಿತು. ಆದುದರಿಂದ ಮಗು ಯಾರ ಮನೆಯಲ್ಲಿ ಎಷ್ಟು ದಿನ ಇರಬೇಕೆಂಬ ಪ್ರಶ್ನೆಯಷ್ಟೇ, ಅದಕ್ಕಿಂತಲೂ ಹೆಚ್ಚಾಗಿ, ಆ ಎರಡು ಮನೆಗಳ ನಡುವಿನ ದಾರಿ ಹೇಗಿದೆಯೆಂಬುದು ಮುಖ್ಯ.

ಉದಾಹರಣೆಗಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ತಾಯಿ ದಾವಣಗೆರೆಯಲ್ಲಿಯೂ ತಂದೆ ಹುಬ್ಬಳ್ಳಿಯಲ್ಲಿಯೂ ಇದ್ದಾರೆ. ಮಗಳಿಗೆ ಒಂಬತ್ತು ವರ್ಷ. ತಿಂಗಳಿಗೆ ಎರಡು ಸಲ ಶನಿವಾರ ಹುಬ್ಬಳ್ಳಿಗೆ ಹೋಗಿ ಭಾನುವಾರ ಸಂಜೆ ಮರಳುತ್ತಾಳೆ. ಹೊರಡುವಾಗ ತಂದೆ ಹೇಳುತ್ತಾನೆ: "ಫೀಸಿಗೆಂದು ಕಳಿಸಿದ ರೊಕ್ಕ ಏನಾಯಿತೆಂದು ಅವ್ವನನ್ನು ಕೇಳು." ಮನೆಗೆ ಬಂದೊಡನೆ ತಾಯಿ ಕೇಳುತ್ತಾಳೆ: "ಅಲ್ಲಿಗೆ ಯಾರು ಯಾರು ಬಂದಿದ್ದರು? ನನ್ನ ಸುದ್ದಿ ಏನು ಮಾತಾಡಿದರು?" ಮೊದಲನೆಯ ಮಾತಿನಿಂದ ಹುಡುಗಿ ದೂತಳಾದಳು, ಎರಡನೆಯದರಿಂದ ಗೂಢಚಾರಳಾದಳು. ಮುಂದೆ ನ್ಯಾಯಾಲಯಕ್ಕೆ ಹೋದಾಗ ಅವಳೇ ಸಾಕ್ಷಿಯಾಗಬೇಕು. "ನಿನಗೆ ಯಾರು ಬೇಕು ಹೇಳಿಬಿಡು" ಎಂದು ಕೇಳಿದ ದಿನ ಅವಳೇ ನ್ಯಾಯಾಧೀಶಳೂ ಆಗಬೇಕು. ಒಂಬತ್ತು ವರ್ಷದ ಮಗು ಹೊರಲಾಗದ ಪಾತ್ರಗಳಿವು.

ಇದರಿಂದ ಇನ್ನೊಂದು ಅನರ್ಥವೂ ಹುಟ್ಟುತ್ತದೆ. ಮಗು ಬಲುಬೇಗ ಜಾಣತನ ಕಲಿಯುತ್ತದೆ. ಅಪ್ಪನ ಮನೆಯಲ್ಲಿ ಸಂತೋಷವಾಗಿದ್ದೆನೆಂದರೆ ಅವ್ವನ ಮುಖ ಬಾಡುವುದನ್ನು ಅದು ಕಂಡಿದೆ. ಆದುದರಿಂದ ದಾವಣಗೆರೆಯಲ್ಲಿ ಹುಬ್ಬಳ್ಳಿಯನ್ನು ದೂರುತ್ತದೆ. ಹುಬ್ಬಳ್ಳಿಯಲ್ಲಿ ದಾವಣಗೆರೆಯನ್ನು ದೂರುತ್ತದೆ. ಇಬ್ಬರ ಪ್ರೀತಿಯನ್ನೂ ಉಳಿಸಿಕೊಳ್ಳಲು ಅದಕ್ಕೆ ಬೇರೆ ಉಪಾಯ ತಿಳಿಯದು. ತಂದೆ ತಾಯಿಗಳಾದರೋ ಆ ಮಾತನ್ನೇ ಪ್ರಮಾಣವಾಗಿ ಹಿಡಿದು, "ಮಗುವೇ ಹೇಳಿತು" ಎಂದು ಇನ್ನೊಂದು ಜಗಳಕ್ಕೆ ನಿಲ್ಲುತ್ತಾರೆ. ಮಗುವಿಗೆ ಪೆಟ್ಟಾಗಿದೆ, ಭಯವಾಗಿದೆ, ಉಪವಾಸವಾಗಿದೆ ಎಂಬಂಥ ಮಾತನ್ನು ಎಂದಿಗೂ ಅಲಕ್ಷಿಸಕೂಡದು, ಒಡನೆಯೇ ವಿಚಾರಿಸಬೇಕು. ಆದರೆ "ಅಲ್ಲಿ ಬೇಸರವಾಯಿತು" ಎಂಬ ಮಾತಿಗೆ "ಹೌದೇ ಕಂದ, ಮುಂದಿನ ಸಲ ಓದಲು ಒಂದು ಪುಸ್ತಕ ತೆಗೆದುಕೊಂಡು ಹೋಗು" ಎಂಬುದಕ್ಕಿಂತ ಹೆಚ್ಚಿನ ಉತ್ತರ ಬೇಕಾಗಿಲ್ಲ.

೩. ನುಡಿಯ ನಿಯಮ

ನುಡಿಯ ಶುದ್ಧಿಗೆ ಶರಣರು ಕೊಟ್ಟ ಮಹತ್ವ ಎಲ್ಲರಿಗೂ ತಿಳಿದದ್ದು. ಬೇರ್ಪಟ್ಟವರಿಗೆ ಆ ಪಾಠ ಹೆಚ್ಚು ಬೇಕು. ಏಕೆಂದರೆ ಒಂದೇ ಮನೆಯಲ್ಲಿದ್ದಾಗ ಆಡಿದ ಬಿರುನುಡಿಯನ್ನು ಸಂಜೆಯ ಊಟದ ಹೊತ್ತಿಗೆ ಸರಿಪಡಿಸಬಹುದು. ಎರಡು ಊರುಗಳಲ್ಲಿದ್ದಾಗ ಅದು ಮೊಬೈಲಿನಲ್ಲಿ ಅಕ್ಷರವಾಗಿ ಉಳಿದು, ನೂರು ಸಲ ಓದಲ್ಪಟ್ಟು, ನೂರು ಸಲ ಚುಚ್ಚುತ್ತದೆ.

ಕನ್ನಡದಲ್ಲಿ ಸಂಬೋಧನೆಗೆ ತನ್ನದೇ ಆದ ತೂಕವಿದೆ. ಅನೇಕ ಮನೆಗಳಲ್ಲಿ ಗಂಡ ಹೆಂಡತಿಯನ್ನು 'ನೀನು' ಎನ್ನುತ್ತಾನೆ. ಹೆಂಡತಿ ಗಂಡನನ್ನು 'ನೀವು' ಎನ್ನುತ್ತಾಳೆ. ಸಂಸಾರವಿದ್ದಾಗ ಆ ಏಕವಚನದಲ್ಲಿ ಸಲಿಗೆಯಿತ್ತು. ಸಂಸಾರ ಮುರಿದ ಮೇಲೆ ಸಲಿಗೆ ಹೋಗಿ ಬರಿಯ ಅಧಿಕಾರವುಳಿಯುತ್ತದೆ. ಅತ್ತ ಹೆಂಡತಿಯ 'ಅವರು' ಎಂಬುದು 'ಅವನು' ಎಂದಾಗುತ್ತದೆ. ಆದುದರಿಂದ ವ್ಯವಹಾರದ ಮಾತಿನಲ್ಲಿ ಇಬ್ಬರೂ 'ನೀವು' ಎಂದು ಬಳಸುವುದು ಲೇಸು. ಆ ಬಹುವಚನ ಪ್ರೀತಿಯದಲ್ಲದಿರಬಹುದು. ಆದರೂ ಅದು ಇಬ್ಬರ ನಡುವೆ ಒಂದು ಹಿತವಾದ ದೂರವನ್ನಿಟ್ಟು, ಇಬ್ಬರ ಮರ್ಯಾದೆಯನ್ನೂ ಕಾಯುತ್ತದೆ. ಮಗುವಿನ ಮುಂದೆ 'ಆ ನಿಮ್ಮಪ್ಪ', 'ಆ ನಿಮ್ಮವ್ವ' ಎನ್ನುವಾಗಲೆಲ್ಲ ಮಗುವನ್ನೂ ಎದುರು ಪಕ್ಷಕ್ಕೆ ನೂಕಿದಂತಾಗುತ್ತದೆ. 'ಅಪ್ಪ', 'ಅವ್ವ' ಎಂಬ ಮಾತುಗಳು ಮಗುವಿನವು. ಮಗು ಹೇಗೆ ಕರೆಯುವುದೋ ಹಾಗೆಯೇ ಇಬ್ಬರೂ ಹೇಳತಕ್ಕದ್ದು.

ಬರೆದು ತಿಳಿಸುವ ಸಂದೇಶಕ್ಕೂ ಒಂದು ಕ್ರಮ ಬೇಕು. ಹುಬ್ಬಳ್ಳಿಯಿಂದ ಮಗಳನ್ನು ಆರು ಗಂಟೆಗೆ ಕರೆತರಬೇಕಾಗಿದ್ದ ತಂದೆ ಎಂಟಕ್ಕೆ ಬಂದನೆಂದಿಟ್ಟುಕೊಳ್ಳಬಹುದು. ತಾಯಿ ಹೀಗೆ ಬರೆಯಬಹುದು: "ನಿಮಗೆ ಮೊದಲಿನಿಂದಲೂ ಹೊತ್ತುಗೊತ್ತಿನ ಪರಿವೆಯೇ ಇಲ್ಲ. ನಿಮ್ಮ ಮನೆತನವೇ ಹಾಗೆ. ಮಗಳ ಮೇಲೆ ಪ್ರೀತಿಯಿದ್ದರೆ ಹೀಗೆ ಮಾಡುತ್ತಿರಲಿಲ್ಲ." ಅಥವಾ ಹೀಗೆ ಬರೆಯಬಹುದು: "ನಿನ್ನೆ ಆರಕ್ಕೆ ಎಂದಿದ್ದುದು ಎಂಟಾಯಿತು. ಈ ದಿನ ಶಾಲೆಯಿದ್ದುದರಿಂದ ಅವಳಿಗೆ ನಿದ್ರೆ ಸಾಲಲಿಲ್ಲ. ಮುಂದೆ ತಡವಾಗುವಂತಿದ್ದರೆ ಐದರೊಳಗೆ ತಿಳಿಸಿರಿ." ಮೊದಲನೆಯದರಲ್ಲಿ ಹಳೆಯ ಲೆಕ್ಕವಿದೆ, ಮನೆತನದ ನಿಂದೆಯಿದೆ, ಮನಸ್ಸಿನೊಳಗಿನ ಪ್ರೀತಿಯ ತೀರ್ಪಿದೆ, ಮುಂದೇನು ಮಾಡಬೇಕೆಂಬುದು ಮಾತ್ರ ಇಲ್ಲ. ಎರಡನೆಯದರಲ್ಲಿ ನಡೆದ ಸಂಗತಿ, ಮಗುವಿಗಾದ ತೊಂದರೆ, ಮುಂದಿನ ಕೋರಿಕೆ ಎಂಬ ಮೂರೇ ಅಂಶಗಳಿವೆ. ಎರಡನೆಯದು ಮೃದುವಾದ ಮಾತೆಂದೇನೂ ಅಲ್ಲ. ತಪ್ಪನ್ನು ಅದು ಮುಚ್ಚಿಟ್ಟಿಲ್ಲ. ಆದರೆ ಅದಕ್ಕೆ ಉತ್ತರ ಕೊಡುವುದು ಸುಲಭ.

ಒಂದು ಸಂದೇಶದಲ್ಲಿ ಒಂದೇ ವಿಷಯವಿರಬೇಕು. ಕೋಪದಲ್ಲಿ ಬರೆದುದನ್ನು ಅದೇ ಗಳಿಗೆಯಲ್ಲಿ ಕಳಿಸದೆ ಒಂದು ರಾತ್ರಿ ಇಟ್ಟುಕೊಂಡು, ಬೆಳಗ್ಗೆ ಓದಿ ನೋಡಬೇಕು. ಅದು ನಾಳೆ ನ್ಯಾಯಾಧೀಶರ ಮುಂದೆ ಓದಲ್ಪಟ್ಟರೆ, ಅಥವಾ ಹದಿನೆಂಟು ತುಂಬಿದ ಮಗಳೇ ಓದಿದರೆ ಹೇಗಿದ್ದೀತೆಂದು ಕೇಳಿಕೊಳ್ಳುವುದು ಒಳ್ಳೆಯ ಪರೀಕ್ಷೆ. ಮಗುವಿಗೆ ಜ್ವರ, ಅಪಘಾತ ಮುಂತಾದ ತುರ್ತಿನ ವಿಷಯಗಳಿಗೆ ಮಾತ್ರ ಈ ತಡೆ ಸಲ್ಲದು. ಅವನ್ನು ಕೂಡಲೆ ದೂರವಾಣಿಯಲ್ಲಿಯೇ ತಿಳಿಸಬೇಕು.

೪. ನಡೆಯ ನಿಯಮ

ಮನಸ್ಸುಗಳು ಒಂದಾಗಿರುವಾಗ ಬರೆಹದ ಒಪ್ಪಂದ ಬೇಕಾಗುವುದಿಲ್ಲ. ವಿಶ್ವಾಸ ಮುರಿದಲ್ಲಿ ವಿಶ್ವಾಸದ ಕೆಲಸವನ್ನು ಬರೆದಿಟ್ಟ ನಿಯಮವೇ ಮಾಡಬೇಕು. ಭಾರತದ ಕಾನೂನು ಆಯೋಗವು ೨೦೧೫ರಲ್ಲಿ ಸಲ್ಲಿಸಿದ ೨೫೭ನೆಯ ವರದಿಯಲ್ಲಿ, ತಾಯ್ತಂದೆಗಳಿಬ್ಬರೂ ಪಾಲನೆಯಲ್ಲಿ ಪಾಲ್ಗೊಳ್ಳುವ ಕ್ರಮಕ್ಕೆ ಶಾಸನದಲ್ಲಿ ಸ್ಥಾನವಿರಬೇಕೆಂದು ಸೂಚಿಸಿತು. ಅದಕ್ಕೆ ಮೊದಲೇ, ೨೦೧೩ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ ಇಂಥ ಏರ್ಪಾಡನ್ನು ಮಾಡಿತ್ತು. ಮಗು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿಯೂ ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿಯೂ ಇರತಕ್ಕದ್ದು. ಇನ್ನೊಬ್ಬರು ಶನಿವಾರ ಭಾನುವಾರಗಳಲ್ಲಿ ಕಾಣಬಹುದು. ದೂರವಾಣಿಯಲ್ಲಿ ಮಾತಾಡಲು ಅಡ್ಡಿಯಿರಕೂಡದು. ಖರ್ಚನ್ನು ಇಬ್ಬರೂ ಸಮನಾಗಿ ಹೊರತಕ್ಕದ್ದು ಎಂಬುದು ಅದರ ಸಾರ. ಇದೇ ಏರ್ಪಾಡು ಎಲ್ಲರಿಗೂ ಒಗ್ಗುವುದಿಲ್ಲ. ದಾವಣಗೆರೆ ಹುಬ್ಬಳ್ಳಿಗಳ ನಡುವೆ ಶಾಲೆಯನ್ನು ಆರು ತಿಂಗಳಿಗೊಮ್ಮೆ ಬದಲಿಸಲಾಗದು. ಆದರೆ ದಿನ, ಸಮಯ, ಹಣ, ಮಾತುಕತೆ ಎಂಬ ನಾಲ್ಕನ್ನೂ ಬಿಡಿಸಿ ಹೇಳಿದ ಕ್ರಮ ಎಲ್ಲರಿಗೂ ಮಾದರಿಯಾಗತಕ್ಕದ್ದು.

ಒಪ್ಪಂದವನ್ನು ಬರೆಯುವಾಗ ಈ ಅಂಶಗಳು ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ಮಗು ಯಾವ ದಿನಗಳಲ್ಲಿ ಎಲ್ಲಿರುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ಶಾಲೆಯ ವರದಿ ಇಬ್ಬರಿಗೂ ಹೇಗೆ ತಲುಪುತ್ತದೆ. ಕಾಯಿಲೆ ಬಿದ್ದರೆ ಯಾವ ವೈದ್ಯರು, ಶಸ್ತ್ರಚಿಕಿತ್ಸೆಯಂಥ ದೊಡ್ಡ ನಿರ್ಣಯಕ್ಕೆ ಇಬ್ಬರ ಒಪ್ಪಿಗೆ ಹೇಗೆ. ಯುಗಾದಿ ದೀಪಾವಳಿಗಳು ಯಾವ ವರ್ಷ ಯಾರ ಮನೆಯಲ್ಲಿ. ಬೇಸಗೆಯ ರಜೆ ಹೇಗೆ ಹಂಚಿಕೆ. ಊರ ಜಾತ್ರೆಗೆ, ಅಜ್ಜ ಅಜ್ಜಿಯರ ಬಳಿಗೆ ಎಂದು ಕಳಿಸುವುದು. ಏರ್ಪಾಡನ್ನು ಬದಲಿಸಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು. ಮಗು ಬೆಳೆದಂತೆ ಒಪ್ಪಂದವೂ ಬೆಳೆಯಬೇಕು. ಮೂರು ವರ್ಷದ ಶಿಶುವಿಗೆ ಮಾಡಿದ ಏರ್ಪಾಡು ಹದಿಮೂರು ವರ್ಷದ ಬಾಲಕನಿಗೆ ಒಗ್ಗದು. ೧೯೫೫ರ ಶಾಸನದ ೨೬ನೆಯ ಪ್ರಕರಣವು ಮಕ್ಕಳ ವಿಷಯದ ಆಜ್ಞೆಗಳನ್ನು ಕಾಲಕಾಲಕ್ಕೆ ಬದಲಿಸಲು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿರುವುದೂ, ಸಾಧ್ಯವಿದ್ದಲ್ಲಿ ಮಕ್ಕಳ ಇಚ್ಛೆಯನ್ನು ಗಮನಿಸಬೇಕೆಂದಿರುವುದೂ ಇದಕ್ಕಾಗಿಯೇ.

ಒಪ್ಪಿಸುವ ಗಳಿಗೆ ಬಹಳ ಸೂಕ್ಷ್ಮವಾದುದು. ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ, ಬಾಗಿಲಿನಲ್ಲಿ ಕಳೆಯುವ ಆ ಐದು ನಿಮಿಷಗಳಲ್ಲಿ ಮಗು ಇಬ್ಬರ ಮುಖವನ್ನೂ ಏಕಕಾಲಕ್ಕೆ ನೋಡುತ್ತದೆ. ಬಾಕಿಯ ಮಾತು, ಹಣದ ಮಾತು, ವಕೀಲರ ಮಾತು ಅಲ್ಲಿ ಬರಕೂಡದು. ಔಷಧವಿದ್ದರೆ ಅದರ ಹೊತ್ತು, ಶಾಲೆಯ ಮನೆಗೆಲಸವಿದ್ದರೆ ಅದರ ವಿವರ, "ಹೋಗಿ ಬಾ ಕಂದ" ಎಂಬ ಒಂದು ಮಾತು ಸಾಕು.

೫. ಹಣದ ಮಾತು

ಕಲಹದ ಹೆಚ್ಚಿನ ಭಾಗ ಹಣದ ಸುತ್ತ ಹೆಣೆದಿರುತ್ತದೆ. "ರೊಕ್ಕ ಬರುವ ತನಕ ಮಗುವನ್ನು ಕಳಿಸುವುದಿಲ್ಲ" ಎಂದು ಒಬ್ಬರು. "ಮಗುವನ್ನು ಕಳಿಸುವ ತನಕ ರೊಕ್ಕವಿಲ್ಲ" ಎಂದು ಇನ್ನೊಬ್ಬರು. ಎರಡೂ ಮಗುವಿಗೆ ಸಲ್ಲತಕ್ಕವು. ಒಂದನ್ನು ಇನ್ನೊಂದಕ್ಕೆ ಒತ್ತೆಯಾಗಿಟ್ಟರೆ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಹಣ ಬಾಕಿಯಾದರೆ ಅದನ್ನು ವಸೂಲು ಮಾಡಲು ನ್ಯಾಯಾಲಯದ ದಾರಿಯಿದೆ. ಭೇಟಿ ತಪ್ಪಿದರೆ ಅದಕ್ಕೂ ಬೇರೆ ದಾರಿಯಿದೆ. ಎರಡು ದಾರಿಗಳನ್ನೂ ಬೇರೆಬೇರೆಯಾಗಿಯೇ ಇಡಬೇಕು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ ಇಲ್ಲಿ ಸ್ಮರಣೀಯ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕೊಟ್ಟುಬರಲು ಹೇಳಿದಳು; ಅವನು ಹಾಗೆಯೇ ಮಾಡಿದನು. ಅವರು ಕೂಡಿ ಬಾಳಿದವರು. ಆದರೂ ಬೇರ್ಪಟ್ಟವರಿಗೆ ಇದರಲ್ಲಿ ಕಲಿಯತಕ್ಕದ್ದಿದೆ. ಅವಳು ತಪ್ಪನ್ನು ಕಂಡು ಹೇಳಿದಳು. ಆದರೆ ಆ ದಿನದ ಅಕ್ಕಿಯ ಮಾತನ್ನಷ್ಟೇ ಹೇಳಿದಳು. ಅವನು ಹೇಳಿಸಿಕೊಂಡನು, ಆದರೆ ಅದನ್ನು ಅವಮಾನವೆಂದೆಣಿಸಲಿಲ್ಲ. ಇಬ್ಬರ ಕಣ್ಣೂ ಅವಶ್ಯಕತೆಯ ಅಳತೆಯ ಮೇಲಿತ್ತು. ಮಗುವಿನ ಖರ್ಚಿನ ಲೆಕ್ಕವನ್ನು ಇದೇ ಬಗೆಯಿಂದ ನೋಡಬೇಕು. ಶಾಲೆಯ ಶುಲ್ಕ, ಪುಸ್ತಕ, ಬಟ್ಟೆ, ಔಷಧ ಎಂದು ಬಿಡಿಬಿಡಿಯಾಗಿ ಬರೆದು ರಸೀದಿಯೊಡನೆ ತಿಂಗಳಿಗೊಮ್ಮೆ ಕಳಿಸಿದರೆ, ಲೆಕ್ಕವನ್ನು ಲೆಕ್ಕವೇ ತೀರಿಸುತ್ತದೆ.

೬. ಒಮ್ಮತವಾಗದಲ್ಲಿ

ಎಲ್ಲರಿಗೂ ಸಹಕಾರ ಸಾಧ್ಯವಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿಯೇ ಸುಮಾರು ೧,೧೦೦ ಸಂಸಾರಗಳನ್ನು ಕುರಿತು ೧೯೯೨ರಲ್ಲಿ ಪ್ರಕಟವಾದ ಅಧ್ಯಯನವು ಬೇರ್ಪಟ್ಟ ತಾಯ್ತಂದೆಗಳಲ್ಲಿ ಮೂರು ಮುಖ್ಯ ಬಗೆಗಳನ್ನು ಗುರುತಿಸಿತು: ಕೂಡಿ ವಿಚಾರಿಸುವವರು, ಕಾದಾಡುವವರು, ಮತ್ತು ಒಬ್ಬರೊಡನೊಬ್ಬರು ಮಾತೇ ಆಡದೆ ತಮ್ಮ ತಮ್ಮ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು. ಕೆಲವು ವರ್ಷ ಕಳೆದ ಮೇಲೆ ಹೆಚ್ಚಾಗಿ ಕಂಡುಬಂದವರು ಮೂರನೆಯ ಬಗೆಯವರು. ಅದು ಆದರ್ಶವಲ್ಲದಿದ್ದರೂ ಕಾದಾಟಕ್ಕಿಂತ ಮೇಲು. ಭೇಟಿಯಾದಾಗಲೆಲ್ಲ ಜಗಳವಾಗುವುದಾದರೆ ಭೇಟಿಯನ್ನೇ ಕಡಿಮೆ ಮಾಡಬೇಕು. ಮಾತನ್ನು ಬರೆಹಕ್ಕೆ ಇಳಿಸಬೇಕು. ಶಾಲೆಯ ಬಾಗಿಲಿನಲ್ಲಿ ಒಬ್ಬರು ಬಿಟ್ಟು ಇನ್ನೊಬ್ಬರು ಕರೆದೊಯ್ಯುವಂತೆ ಏರ್ಪಡಿಸಬಹುದು. ಊಟ, ನಿದ್ರೆ, ಆಟಗಳ ವಿಷಯದಲ್ಲಿ ಒಂದು ಮನೆಯ ಕ್ರಮವನ್ನು ಇನ್ನೊಂದು ಮನೆಯ ಮೇಲೆ ಹೇರಕೂಡದು. ಅಪ್ಪನ ಮನೆಯಲ್ಲಿ ಒಂಬತ್ತಕ್ಕೆ, ಅವ್ವನ ಮನೆಯಲ್ಲಿ ಎಂಟಕ್ಕೆ ಮಲಗುವುದರಿಂದ ಮಗುವಿಗೆ ಕೇಡಿಲ್ಲ.

ಇನ್ನೊಂದು ಸ್ಥಿತಿ ಇದಕ್ಕಿಂತ ಬೇರೆ. ಎಲ್ಲಿ ಹೊಡೆತ, ಬೆದರಿಕೆ, ಕುಡಿತದ ಹಿಂಸೆ ಇವೆಯೋ ಅಲ್ಲಿ ಸಹನೆಯನ್ನು ಬೋಧಿಸುವುದು ಧರ್ಮವಲ್ಲ. ಅಲ್ಲಿ ಮೊದಲನೆಯ ಕರ್ತವ್ಯ ರಕ್ಷಣೆ. ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಶಾಸನದ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು. ಭೇಟಿಯಿಂದ ಮಗುವಿಗೆ ಹಾನಿಯೆಂದು ಕಂಡರೆ ಭೇಟಿಯನ್ನೇ ನಿರಾಕರಿಸಬಹುದು. ಮಕ್ಕಳ ಸಹಾಯವಾಣಿ ೧೦೯೮, ಮಹಿಳೆಯರ ಸಹಾಯವಾಣಿ ೧೮೧ ಎಂಬುದು ಪ್ರತಿಯೊಂದು ಮನೆಯಲ್ಲಿಯೂ ತಿಳಿದಿರತಕ್ಕದ್ದು. "ಹೇಗಿದ್ದರೂ ಮಗುವಿನ ತಂದೆಯಲ್ಲವೇ, ಹೊಂದಿಕೊಂಡು ಹೋಗು" ಎಂದು ಹಿರಿಯರು ಇಂಥಲ್ಲಿ ಹೇಳುವುದು ದೊಡ್ಡ ಅಪರಾಧವಾಗುತ್ತದೆ.

ಮೂರನೆಯದೊಂದು ಸಂಕಟವುಂಟು. ಒಬ್ಬರು ನಿಯಮದಂತೆ ನಡೆಯುತ್ತಾರೆ. ಇನ್ನೊಬ್ಬರು ಮಗುವಿನ ಕಿವಿಯಲ್ಲಿ ವಿಷ ತುಂಬುತ್ತಾರೆ. ತಾಯ್ತಂದೆಗಳಲ್ಲಿ ಒಬ್ಬರು ಇನ್ನೊಬ್ಬರ ವಿರುದ್ಧ ಮಗುವಿನ ಮನಸ್ಸನ್ನು ತಿರುಗಿಸುವುದರ ಹಾನಿಯನ್ನು ಸರ್ವೋಚ್ಚ ನ್ಯಾಯಾಲಯವೂ ೨೦೧೭ರ ಒಂದು ತೀರ್ಪಿನಲ್ಲಿ ವಿವರವಾಗಿ ಚರ್ಚಿಸಿದೆ. ಇಂಥಲ್ಲಿ ವಿಷಕ್ಕೆ ವಿಷವನ್ನೇ ಮದ್ದಾಗಿ ಕೊಡಬೇಕೆಂಬ ಆಸೆ ಸಹಜ. ಆದರೆ ಹಾಗೆ ಮಾಡಿದಲ್ಲಿ ಮಗುವಿಗೆ ನಂಬತಕ್ಕ ಒಂದು ಮನೆಯೂ ಉಳಿಯುವುದಿಲ್ಲ. ತಪ್ಪಿದ ಭೇಟಿಗಳ ದಿನಾಂಕವನ್ನು ಬರೆದಿಟ್ಟು ನ್ಯಾಯಾಲಯಕ್ಕೆ ನಿವೇದಿಸುವುದು ಒಂದು ಕೆಲಸ. ನೇರವಾದ ಭೇಟಿ ಸಾಧ್ಯವಿಲ್ಲದಲ್ಲಿ ಮೊಬೈಲಿನಲ್ಲಿ ಮುಖ ನೋಡಿ ಮಾತಾಡುವ ಏರ್ಪಾಡನ್ನು ಕೋರುವುದು ಇನ್ನೊಂದು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಸಂಪರ್ಕಕ್ಕೆ ಮಾನ್ಯತೆ ಕೊಟ್ಟಿದೆ. ಮಗುವಿಗೆ ಹೇಳತಕ್ಕದ್ದು ಮಾತ್ರ ಇಷ್ಟೇ: "ಅದು ದೊಡ್ಡವರ ಮಾತು. ನೀನು ಇಬ್ಬರನ್ನೂ ಪ್ರೀತಿಸಬಹುದು." ಫಲ ಕೂಡಲೆ ಕಾಣದು. ನೆರೆಯ ಹೊಲ ಬೀಳುಬಿದ್ದಿತೆಂದು ತನ್ನ ಹೊಲವನ್ನು ಬೀಳುಬಿಡುವ ಒಕ್ಕಲಿಗನಿಲ್ಲ.

೭. ಹಿರಿಯರ ಪಾತ್ರ

ಎರಡು ಕಡೆಯ ಬಂಧುಗಳು ಈ ಕಲಹಕ್ಕೆ ಎಣ್ಣೆಯಾಗುವುದೂ ಉಂಟು, ನೀರಾಗುವುದೂ ಉಂಟು. ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೀಗರನ್ನು ಬಯ್ದರೆ ತಾಯ್ತಂದೆಗಳ ಎಷ್ಟೋ ದಿನಗಳ ಸಂಯಮ ಒಂದೇ ಗಳಿಗೆಯಲ್ಲಿ ಹಾಳಾಗುತ್ತದೆ. ಮಠದ, ಊರಿನ ಹಿರಿಯರ ಮುಂದೆ ಇಂಥ ವಿಷಯ ಬಂದಾಗ ತಪ್ಪು ಯಾರದೆಂದು ತೀರ್ಮಾನಿಸುವುದಕ್ಕಿಂತ, ಮುಂದಿನ ಭಾನುವಾರ ಮಗು ಎಲ್ಲಿರುತ್ತದೆಂಬುದನ್ನು ಇತ್ಯರ್ಥಪಡಿಸುವುದು ಹೆಚ್ಚು ಉಪಯುಕ್ತ. ೧೯೮೪ರ ಕುಟುಂಬ ನ್ಯಾಯಾಲಯಗಳ ಶಾಸನವೂ ಮೊದಲು ರಾಜಿಗೆ ಯತ್ನಿಸಬೇಕೆಂದು ವಿಧಿಸಿ, ಅದಕ್ಕಾಗಿ ಸಲಹೆಗಾರರ ನೇಮಕಕ್ಕೆ ಅವಕಾಶ ಮಾಡಿದೆ. ಬೆಂಗಳೂರಿನಲ್ಲಿ ೨೦೦೭ರಿಂದ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಮಧ್ಯಸ್ಥಿಕೆಯ ಕೇಂದ್ರವೂ ನಡೆಯುತ್ತಿದೆ.

ಮಧ್ಯಸ್ಥಿಕೆಯಿಂದ ಬರುವ ಫಲ ಅಲ್ಪವಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಎಮೆರಿಯವರು, ಮಗುವಿನ ವಶಕ್ಕಾಗಿ ನ್ಯಾಯಾಲಯಕ್ಕೆ ಬಂದ ಸಂಸಾರಗಳಲ್ಲಿ ಕೆಲವನ್ನು ಚೀಟ ಎತ್ತಿದಂತೆ ಆರಿಸಿ ಮಧ್ಯಸ್ಥಿಕೆಗೆ, ಉಳಿದುವನ್ನು ವ್ಯಾಜ್ಯಕ್ಕೆ ಬಿಟ್ಟು ನೋಡಿದರು. ಮಧ್ಯಸ್ಥಿಕೆ ನಡೆದುದು ಸರಾಸರಿ ಐದಾರು ಗಂಟೆ ಮಾತ್ರ. ಆದರೂ ಹನ್ನೆರಡು ವರ್ಷಗಳ ಮೇಲೆ ವಿಚಾರಿಸಿದಾಗ, ಮಧ್ಯಸ್ಥಿಕೆಯಾದ ಸಂಸಾರಗಳಲ್ಲಿ ದೂರದ ಮನೆಯಲ್ಲಿದ್ದ ತಂದೆಯೋ ತಾಯಿಯೋ ಮಕ್ಕಳ ಬಾಳಿನಲ್ಲಿ ಹೆಚ್ಚಾಗಿ ಉಳಿದುಕೊಂಡಿದ್ದುದು ಕಂಡುಬಂದಿತು. ಮಧ್ಯಸ್ಥಿಕೆಯಲ್ಲಿ ಇಬ್ಬರೂ ಗೆದ್ದು ಸೋತವರಾಗಿ ಅಲ್ಲ, ಪಾಲುಗಾರರಾಗಿ ಎದ್ದುಬರುತ್ತಾರೆ.

ಮಗು ಎಂದಿಗೂ ಮಗುವಾಗಿಯೇ ಇರುವುದಿಲ್ಲ. ಇಂದು ನಿಲ್ದಾಣದಲ್ಲಿ ಕೈಬದಲಾಗುವ ಹುಡುಗಿ ನಾಳೆ ಹಸೆಯ ಮೇಲೆ ಕುಳಿತುಕೊಳ್ಳುತ್ತಾಳೆ. ಆ ದಿನ ಒಂದೇ ಚಪ್ಪರದ ಕೆಳಗೆ ಅಪ್ಪನೂ ಅವ್ವನೂ ನಿಂತು ಅಕ್ಕಿಕಾಳು ಹಾಕಬೇಕು. ಯಾರನ್ನು ಕರೆಯಲಿ, ಯಾರನ್ನು ಬಿಡಲಿ ಎಂದು ಅವಳು ಲಗ್ನಪತ್ರಿಕೆಯನ್ನು ಹಿಡಿದುಕೊಂಡು ಅಳಬೇಕೇ, ನಿಶ್ಚಿಂತೆಯಿಂದ ಎರಡು ಹೆಸರುಗಳನ್ನೂ ಬರೆಯಬೇಕೇ ಎಂಬುದು ಆ ದಿನ ತೀರ್ಮಾನವಾಗತಕ್ಕದ್ದಲ್ಲ. ಈ ಭಾನುವಾರ ಸಂಜೆ ಆರು ಗಂಟೆಗೆ, ಬಾಗಿಲಿನಲ್ಲಿ, ಇಬ್ಬರು ಆಡುವ ಎರಡು ಮಾತುಗಳಲ್ಲಿ ಅದು ತೀರ್ಮಾನವಾಗುತ್ತಿದೆ.

ಮನನಕ್ಕಾಗಿ

೧. ದಾಂಪತ್ಯಕ್ಕೂ ತಾಯ್ತಂದೆತನಕ್ಕೂ ಇರುವ ಭೇದವೇನು? ಅದನ್ನು ಮರೆತಾಗ ಮಗುವಿಗಾಗುವ ಹಾನಿ ಯಾವುದು?

೨. ಮಗು ದೂತ, ಗೂಢಚಾರ, ಸಾಕ್ಷಿ, ನ್ಯಾಯಾಧೀಶ ಎಂಬ ಪಾತ್ರಗಳನ್ನು ಹೊರುವ ಸಂದರ್ಭಗಳು ಸುತ್ತಲಿನ ಸಂಸಾರಗಳಲ್ಲಿ ಹೇಗೆ ಬರುತ್ತವೆ?

೩. ಕೋಪದಲ್ಲಿ ಬರೆದ ಒಂದು ಸಂದೇಶವನ್ನು ಸಂಗತಿ, ತೊಂದರೆ, ಕೋರಿಕೆ ಎಂಬ ಮೂರು ಅಂಶಗಳಾಗಿ ಹೇಗೆ ತಿದ್ದಬಹುದು?

೪. ಸಹಕಾರವನ್ನು ಬೋಧಿಸಕೂಡದ, ರಕ್ಷಣೆಯನ್ನೇ ಮೊದಲು ನೋಡತಕ್ಕ ಸ್ಥಿತಿ ಯಾವುದು?